ಎಂಜಿನ್ ಪಾಲು

ಮಧುಕರ್ ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿದರು. ಅವರು ಇಂದಿರಾನಗರದವರು. ಹಳೆಯ ಕಾರುಗಳನ್ನು ಕೊಂಡು, ಮೊದಲಿನ ರೂಪಕ್ಕೆ ತಂದು, ಮನೆಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುವ ಹುಚ್ಚು ಅವರಿಗೆ. ಶಿವಾಜಿನಗರದ ಗುಜರಿ ಗಲ್ಲಿಯ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ಅರವತ್ತೊಂಬತ್ತನೇ ಇಸವಿಯ ಮಸ್ಟ್ಯಾಂಗ್ ನಿಂತಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದರು. ಕಾರು ನಿಜವಾಗಿಯೂ ಇತ್ತು. ಉದ್ದ ಮೂತಿ, ಎಡಗಡೆ ಸ್ಟಿಯರಿಂಗು, ಮಾಸಿದ ಕೆಂಪು ಬಣ್ಣ. ಆದರೆ ಬಾನೆಟ್ಟಿನ ಕೆಳಗೆ ಕೂತಿದ್ದದ್ದು ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್.

"ಇದರ ಒರಿಜಿನಲ್ ಎಂಜಿನ್ ಎಲ್ಲಿದೆ?" ಎಂದರು.

ಕಾರಿನ ಈಗಿನ ವಾರಸುದಾರ ಅಹ್ಮದ್ ಪಾಷಾ ಗೋಡೆಗೆ ಒರಗಿ ನಿಂತಿದ್ದವರು ಮುಖ ಆಚೆ ತಿರುಗಿಸಿದರು. ಮಗ ವಕಾರ್ ಮುಂದೆ ಬಂದು, ಅದು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು, ಅಜ್ಜನ ಕಾಲದಲ್ಲೇ ಇಳಿಸಿಬಿಟ್ಟರು ಎಂದ. ಮಧುಕರ್ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದರು. ಈ ಕಾರುಗಳ ಚಾಸಿ ನಂಬರನ್ನೇ ಎಂಜಿನ್ ಬ್ಲಾಕಿನ ಮೇಲೂ ಒತ್ತಿರುತ್ತಾರೆ, ಎರಡೂ ತಾಳೆಯಾದರೆ ಮಾತ್ರ ಕಾರಿಗೆ ಪೂರ್ತಿ ಬೆಲೆ ಎಂದು ವಿವರಿಸಿದರು.

"ಹುಟ್ಟಿದಾಗಿನ ಎಂಜಿನ್ನೇ ಇದ್ರೆ ಐವತ್ತು ಲಕ್ಷಕ್ಕೂ ನಾನು ಹಿಂದೆಮುಂದೆ ನೋಡಲ್ಲ. ಹೀಗೇ ಆದ್ರೆ ಹದಿನೈದು. ಹುಡುಕಿ ನೋಡಿ, ಪಾಷಾ ಸಾಹೇಬ್ರೇ. ನಾನು ಕಾಯ್ತೀನಿ."

ವಕಾರನಿಗೆ ಕಾಯುವ ಸಮಾಧಾನ ಇರಲಿಲ್ಲ. ಶೆಡ್ಡಿನ ಜಾಗದವರು ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದಿದ್ದರು. ಗಲ್ಲಿಯಲ್ಲಿದ್ದ ಅವನ ಬಿಡಿಭಾಗಗಳ ಅಂಗಡಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಎಲ್ಲರೂ ಫೋನಿನಲ್ಲೇ ತರಿಸಿಕೊಳ್ಳುತ್ತಿದ್ದರು. ಗರುಡಾಚಾರ್‌ಪಾಳ್ಯದಲ್ಲಿ ಮುನಿರಾಜಪ್ಪ ಎಂಬುವರ ಒಂದು ಮಳಿಗೆ ನೋಡಿ ಬಂದಿದ್ದ. ಸುತ್ತ ಕಾರ್ಖಾನೆಗಳು, ಆಫೀಸುಗಳು, ದಿನವೂ ಕೆಟ್ಟು ನಿಲ್ಲುವ ಸಾವಿರ ಗಾಡಿಗಳು. ಮುನಿರಾಜಪ್ಪ ಎರಡು ದಿನಕ್ಕೊಮ್ಮೆ ಫೋನು ಮಾಡಿ, ಅಡ್ವಾನ್ಸ್ ಕೊಡುತ್ತೀಯೋ ಇಲ್ಲ ಬೇರೆಯವರಿಗೆ ಕೊಡಲೋ ಎಂದು ಕೇಳುತ್ತಿದ್ದರು.

ಆ ರಾತ್ರಿ ಊಟಕ್ಕೆ ಅನ್ನ, ಹುಳಿಸಾರಿನಂಥ ಖಟ್ಟಾ, ಹುರಿದ ಕಲೇಜಿ ಇತ್ತು. ತಾಯಿ ಫಹ್ಮಿದಾ ಬಡಿಸುತ್ತಿದ್ದರು. ವಕಾರ್ ಐವತ್ತು ಎನ್ನುವುದನ್ನು ಮೂರು ಸಲ ಹೇಳಿದ. ಅವನ ಹೆಂಡತಿ ಲೈಬಾ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ಆ ಎಂಜಿನ್ ಯಾವ ಗುಜರಿಗೆ ಹೋಯಿತೆಂದು ನೆನಪಿದೆಯೇ ಎಂದು ಮಾವನನ್ನು ಕೇಳಿದಳು.

"ಗುಜರಿಗೆ ಹೋಗ್ಲಿಲ್ಲ," ಎಂದರು ಅಹ್ಮದ್ ಪಾಷಾ. "ಅಕ್ತರ್ ಮನೇಲಿದೆ."

ಫಹ್ಮಿದಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೂತರು.

ಅಕ್ತರ್ ಎಂದರೆ ಅಹ್ಮದ್ ಪಾಷಾರ ತಮ್ಮ. ಕಾರು ತಂದವರು ಇಬ್ಬರ ತಂದೆ ಖಾದರ್ ಸಾಹೇಬರು. ಮದ್ರಾಸಿನಲ್ಲಿದ್ದ ಅಮೆರಿಕದವನೊಬ್ಬ ಬಿಟ್ಟುಹೋದದ್ದನ್ನು ಹರಾಜಿನಲ್ಲಿ ಹಿಡಿದಿದ್ದರು. ಫ್ರೇಜರ್ ಟೌನಿನಿಂದ ಹಲಸೂರಿನವರೆಗೆ ಮದುವೆ ಎಂದರೆ ಆ ಕೆಂಪು ಕಾರೇ ಬೇಕಿತ್ತು. ಪೆಟ್ರೋಲಿನ ಬೆಲೆ ಏರಿದಾಗ ಬಾಡಿಗೆ ಗಿಟ್ಟದೆ, ಅಣ್ಣತಮ್ಮ ಸೇರಿ ಎಂಟು ಸಿಲಿಂಡರಿನ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಇಳಿಸಿ ಡೀಸೆಲ್ ಕೂರಿಸಿದ್ದರು. ತಂದೆ ತೀರಿಕೊಂಡ ಮೇಲೆ ಆಸ್ತಿ ಪಾಲಾಯಿತು. ಮನೆ, ಅಂಗಡಿ, ಕಾರು ಅಣ್ಣನಿಗೆ. ಒಂದಿಷ್ಟು ನಗದು, ಸಾಮಾನುಗಳ ಪೆಟ್ಟಿಗೆ ತಮ್ಮನಿಗೆ. ಅಕ್ತರ್ ಇದು ಸರಿಯಲ್ಲ ಎಂದು ಬಾಗಿಲಲ್ಲಿ ನಿಂತಾಗ, ಮೂಲೆಯಲ್ಲಿದ್ದ ಹಳೆಯ ಎಂಜಿನ್ನನ್ನು ತೋರಿಸಿ, ಅದನ್ನೂ ತೆಗೆದುಕೊಂಡು ಹೋಗು, ಜಾಗವಾದರೂ ಖಾಲಿಯಾಗಲಿ ಎಂದಿದ್ದರು ಪಾಷಾ. ಅಕ್ತರ್ ಮರುದಿನ ಟೆಂಪೊ ತಂದು ಹೊತ್ತುಕೊಂಡೇ ಹೋದ. ಆಮೇಲೆ ಈ ಹೊಸ್ತಿಲು ತುಳಿಯಲಿಲ್ಲ. ಮೂರು ವರ್ಷದ ಹಿಂದೆ ಅವನು ಸತ್ತಾಗ ಇವರು ಹೋಗಿ ಮಣ್ಣು ಹಾಕಿ ಬಂದದ್ದು, ಅಷ್ಟೇ.

ಭಾನುವಾರ ಫಹ್ಮಿದಾ ಬೇಳೆ, ಮಾಂಸ ಹಾಕಿದ ದಾಲ್ಚಾ ಮಾಡಿ ಡಬ್ಬಿಗೆ ತುಂಬಿ, ಮಗನ ಜೊತೆ ರಾಮಮೂರ್ತಿ ನಗರಕ್ಕೆ ಹೋದರು. ಅಕ್ತರನ ಹೆಂಡತಿ ಮಹೀನ್ ಅಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದಳು. ಕಾರ್ಖಾನೆಯವರಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ಕಳಿಸುವ ಕೆಲಸ; ಅಡುಗೆಮನೆಯ ತುಂಬ ತೊಳೆದು ಬೋರಲು ಹಾಕಿದ ಡಬ್ಬಿಗಳು. ಮಗ ಫಹೀಮ್ ದೊಡ್ಡನೆಕ್ಕುಂದಿಯ ಒಂದು ಸರ್ವಿಸ್ ಸೆಂಟರಿನಲ್ಲಿ ಮೆಕ್ಯಾನಿಕ್. ಮಹೀನ್ ಓರಗಿತ್ತಿಯನ್ನು ಒಳಗೆ ಕರೆದು ಕೂರಿಸಿದಳು, ಚಹಾ ಕೊಟ್ಟಳು, ದಾಲ್ಚಾ ತೆಗೆದುಕೊಂಡಳು. ಬಂದ ಕಾರಣ ಕೇಳಲಿಲ್ಲ.

ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದ ಗುಡ್ಡೆ ಬರುವಾಗಲೇ ವಕಾರನ ಕಣ್ಣಿಗೆ ಬಿದ್ದಿತ್ತು. ಸುತ್ತುಬಳಸಿ ಮಾತಾಡಿ ಕೊನೆಗೆ, ಅದನ್ನು ಕೊಡುವುದಾದರೆ ಒಂದು ಲಕ್ಷ ಕೊಡುತ್ತೇನೆ ಎಂದ.

"ಅದನ್ನ ಹೊತ್ಕೊಂಡು ನಾಲ್ಕು ಮನೆ ಬದಲಾಯಿಸಿದೀವಿ," ಎಂದಳು ಮಹೀನ್. "ಪ್ರತಿ ಓನರೂ ಮೊದಲು ಕೇಳೋದು, ಇದೇನಮ್ಮ ಇದು ಅಂತ. ಮಾರಿಬಿಡಿ ಅಂದ್ರೆ ನಿಮ್ಮ ಚಾಚಾ ಅನ್ನ ಬಿಟ್ಟು ಕೂತ್ಬಿಡ್ತಿದ್ರು. ತಿಂಗಳಿಗೊಂದ್ಸಲ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸ್ತಿದ್ರು, ಹಿಡ್ಕೊಂಡುಬಿಡತ್ತೆ ಅಂತ. ಈಗ ಇವನು ತಿರುಗಿಸ್ತಾನೆ."

ಫಹೀಮ್ ಬಾಗಿಲಲ್ಲಿ ನಿಂತೇ ಕೇಳಿದ. "ವಕಾರ್ ಭಾಯ್, ಕಾರಿಗೆ ಈ ಎಂಜಿನ್ ಇದ್ರೆ ಎಷ್ಟು, ಇಲ್ದಿದ್ರೆ ಎಷ್ಟು?"

ವಕಾರ್ ಇಲ್ಲದಿದ್ದರೆ ಇಪ್ಪತ್ತು, ಇದ್ದರೆ ಇಪ್ಪತ್ತೈದು ಎಂದ. ಫಹ್ಮಿದಾ ನೆಲ ನೋಡಿದರು.

"ಅಷ್ಟೇ ವ್ಯತ್ಯಾಸ ಆಗಿದ್ರೆ ನೀವು ಇಷ್ಟು ದೂರ ಬರ್ತಿರ್ಲಿಲ್ಲ," ಎಂದ ಫಹೀಮ್.

ಮಹೀನ್ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಂದಳು. ಎಂಜಿನ್ ಕೊಡುತ್ತೇನೆ, ಕಾರು ಮಾರಿ ಬಂದದ್ದರಲ್ಲಿ ಅರ್ಧ ಬೇಕು ಎಂದಳು. ಎಂಜಿನ್ನಿಗೆ ಅರ್ಧವೇ ಎಂದು ವಕಾರ್ ನಕ್ಕ. ಅವಳು ನಗಲಿಲ್ಲ. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತಿದ್ದ ತಾಯಿಗೆ ಕೇಳುವಂತೆ ಅವನು ಚಾಚಿಯನ್ನು ಬೈದುಕೊಂಡೇ ಬಂದ.

ಮುಂದಿನ ವಾರವೆಲ್ಲ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ವಕಾರ್ ಅಂಗಡಿಯಿಂದ ಫಹೀಮನಿಗೆ ಫೋನು ಮಾಡಿ ಎರಡು ಲಕ್ಷ ಎಂದ, ಮೂರು ಎಂದ. ಫಹೀಮ್ ನನ್ನ ತಾಯಿಯನ್ನು ಕೇಳಿ ಎಂದು ಇಟ್ಟುಬಿಡುತ್ತಿದ್ದ. ಮುನಿರಾಜಪ್ಪನವರ ಫೋನು ಬಂದರೆ ವಕಾರ್ ಎತ್ತುತ್ತಿರಲಿಲ್ಲ, ಲೈಬಾ ಎತ್ತಿ ಏನಾದರೂ ಹೇಳಬೇಕಾಗುತ್ತಿತ್ತು. ಒಂದು ದಿನ ಅವಳು ಅವರಿಗೆ ಸುಳ್ಳು ಹೇಳಿ ಸಾಕಾಗಿದೆ ಎಂದಾಗ, ವಕಾರ್ ತಟ್ಟೆ ತಳ್ಳಿ ಎದ್ದ. ಫಹ್ಮಿದಾ ಅಕ್ಕಿ ಆರಿಸುತ್ತ, ಹೊಸ ಅಂಗಡಿ ಇಲ್ಲದೆಯೂ ಈ ಮನೆಯಲ್ಲಿ ಒಲೆ ಉರಿದಿದೆ ಎಂದರು. ಲೈಬಾ, ಅರ್ಧ ಒಲೆ ಉರಿಯುತ್ತಿರುವುದು ನನ್ನ ಸಂಬಳದಿಂದ ಎಂದು ಹೇಳಿ ಕೆಲಸಕ್ಕೆ ಹೋದಳು.

ಗುರುವಾರ ಬೆಳಿಗ್ಗೆ ಅಹ್ಮದ್ ಪಾಷಾ ಯಾರಿಗೂ ಹೇಳದೆ ಬಸ್ಸು ಹತ್ತಿದರು. ರಾಮಮೂರ್ತಿ ನಗರ ತಲುಪಿದಾಗ ಮಹೀನ್ ಕ್ಯಾರಿಯರ್ ಕಟ್ಟುತ್ತಿದ್ದಳು. ಅವರನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು, ಮುಗಿಯುವವರೆಗೆ ಕೂತಿರಿ ಭಾಯಿಜಾನ್ ಎಂದಳು. ಅವರು ಕೂರಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ಟಾರ್ಪಾಲು ಸರಿಸಿದರು. ತುಕ್ಕು ಎಲ್ಲೂ ಇರಲಿಲ್ಲ. ಮುಂದಿನ ಪುಲ್ಲಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದರೆ ಕ್ರ್ಯಾಂಕು ಸಲೀಸಾಗಿ ಸುತ್ತಿತು. ಅವರು ಇನ್ನೊಂದು ಸಲ ಸುತ್ತಿಸಿದರು, ಮತ್ತೊಂದು ಸಲ. ಮಹೀನ್ ಕೈ ಒರೆಸಿಕೊಂಡು ಬಂದಾಗ ಅವರು ಮೆಟ್ಟಿಲ ಮೇಲೆ ಕೂತು ಬಿಟ್ಟಿದ್ದರು.

"ಇಷ್ಟು ಚೆನ್ನಾಗಿ ಇಟ್ಟಿರ್ತಾನೆ ಅಂದ್ಕೊಂಡಿರ್ಲಿಲ್ಲ," ಎಂದರು.

"ಇಟ್ಟಿದ್ರು. ನನಗೊಂದು ಮಿಕ್ಸಿ ಕೊಡಿಸೋಕೆ ಆರು ತಿಂಗಳು ತಗೊಂಡ್ರು, ಇದಕ್ಕೆ ಎಣ್ಣೆ ತಪ್ಪಿಸ್ಲಿಲ್ಲ."

"ಅರ್ಧ ಕೊಡ್ತೀನಿ, ಮಹೀನ್. ಹುಡುಗನ್ನ ಕಳ್ಸು. ಇಬ್ರೂ ಸೇರಿ ಕೂರಿಸ್ತೀವಿ."

ಅವಳು ಆಗಲಿ ಎಂಬಂತೆ ತಲೆಯಾಡಿಸಿ, ಊಟ ಬಡಿಸಿದಳು. ಅವರು ತಿಂದರು.

ವಕಾರ್ ಕೂಗಾಡಿದ. ಆದರೆ ಅರ್ಧ ಎಂದರೂ ಇಪ್ಪತ್ತೈದು ಲಕ್ಷ, ಈಗಿರುವ ಹದಿನೈದಕ್ಕಿಂತ ಜಾಸ್ತಿ ಎಂದು ಲೈಬಾ ತೋರಿಸಿಕೊಟ್ಟ ಮೇಲೆ ಸುಮ್ಮನಾದ. ಎಂಜಿನ್ ಟೆಂಪೊದಲ್ಲಿ ಶಿವಾಜಿನಗರಕ್ಕೆ ಬಂತು. ಫಹೀಮ್ ಕೆಲಸ ಮುಗಿಸಿಕೊಂಡು ದಿನವೂ ಸಂಜೆ ಬರತೊಡಗಿದ. ಮೊದಲೆರಡು ದಿನ ಊಟ ಬೇಡ ಎಂದ. ಮೂರನೇ ದಿನ ಫಹ್ಮಿದಾ ತಟ್ಟೆಯನ್ನು ಶೆಡ್ಡಿಗೇ ಕಳಿಸಿದರು, ಆಮೇಲೆ ಒಳಗೇ ಬಂದು ಕೂರುತ್ತಿದ್ದ. ಮುಂದಿನ ಶುಕ್ರವಾರ ಮಹೀನಳೂ ಬಂದಳು. ಪಾಲಾದ ಮೇಲೆ ಆ ಅಡುಗೆಮನೆಗೆ ಅವಳು ಬಂದದ್ದು ಅದೇ ಮೊದಲು. ಇಬ್ಬರು ಹೆಂಗಸರೂ ಈರುಳ್ಳಿ ಹೆಚ್ಚಿದರು, ಬೆಲೆ ಏರಿದ ಬಗ್ಗೆ ಮಾತಾಡಿದರು, ಬೇರೆ ಏನೂ ಮಾತಾಡಲಿಲ್ಲ.

ಅದೇ ದಿನ ಶೆಡ್ಡಿನಲ್ಲಿ ಫಹೀಮ್ ಗೇರ್‌ಬಾಕ್ಸ್ ಬಿಚ್ಚಿ, ಎಂಜಿನ್ನಿನ ಬೆನ್ನಿಗೆ ಮೆತ್ತಿದ್ದ ಹಳೆಯ ಜಿಡ್ಡನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದ. ಬ್ಲಾಕಿನ ಹಿಂದಿನ ಅಂಚಿನಲ್ಲಿ ಅಂಕಿಗಳು ಕಂಡವು. ಫೋನಿನ ಟಾರ್ಚ್ ಹಿಡಿದು ಓದಿದ. ಎದ್ದುಹೋಗಿ ಕಾರಿನ ಚಾಸಿ ನಂಬರ್ ಓದಿದ. ಮತ್ತೆ ಬಂದು ಓದಿದ. ಪಾಷಾ ಅವನ ಮುಖ ನೋಡಿ ಏನೆಂದು ಕೇಳಿದರು.

"ಬಡೇ ಅಬ್ಬಾ, ಇದು ಈ ಕಾರಿಂದಲ್ಲ."

ಖಾದರ್ ಸಾಹೇಬರ ಕೈಗೆ ಬರುವ ಮೊದಲೇ ಯಾರೋ ಎಂಜಿನ್ ಬದಲಾಯಿಸಿದ್ದರು. ಅದೇ ಮಾದರಿ, ಅದೇ ಕಾಲದ್ದು, ಆದರೆ ಬೇರೆ ಯಾವುದೋ ಕಾರಿನದು. ಅಂಗಡಿಯಿಂದ ಓಡಿ ಬಂದ ವಕಾರ್ ತಾನೂ ಟಾರ್ಚ್ ಹಿಡಿದು ನೋಡಿದ. ಆಮೇಲೆ ಅವನೂ ಫಹೀಮನೂ ಕಾರಿನ ಆಚೆ ಬದಿಗೆ ಹೋಗಿ ಬಹಳ ಹೊತ್ತು ಪಿಸುಗುಟ್ಟಿದರು. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದವರು ಒಟ್ಟಿಗೆ ಹೊರಗೆ ಹೋಗಿ ಚಹಾ ಕುಡಿದು ಬಂದರು.

ಊಟಕ್ಕೆ ಎಲ್ಲರೂ ನೆಲಕ್ಕೆ ಹಾಸಿದ ದಸ್ತರ್‌ಖಾನಿನ ಸುತ್ತ ಕೂತಾಗ ವಕಾರ್ ವಿಷಯ ತೆಗೆದ. ಗಲ್ಲಿಯಲ್ಲೇ ನಂಬರ್ ಪಂಚ್ ಹೊಡೆಯುವವನಿದ್ದಾನೆ. ಹಳೆಯ ಅಂಕಿ ಉಜ್ಜಿ, ಚಾಸಿಯದನ್ನು ಒತ್ತಿ, ಮೇಲೆ ಸ್ವಲ್ಪ ಜಿಡ್ಡು ಸವರಿದರೆ ಮುಗಿಯಿತು. ಐವತ್ತು ಐವತ್ತೇ. ಫಹೀಮ್ ತಲೆ ತಗ್ಗಿಸಿಕೊಂಡೇ, ಕಂಡುಹಿಡಿಯುವುದು ಕಷ್ಟ ಎಂದ.

ನಮಾಜು ತಪ್ಪಿಸದ ಫಹ್ಮಿದಾ ಬೇಡ ಎನ್ನುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವರು, ಆ ಮನುಷ್ಯನಿಗೆ ದುಡ್ಡು ಜಾಸ್ತಿಯಾಗಿದೆ, ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಲ್ಲವಲ್ಲ ಎಂದರು. ಎರಡು ಮನೆ ಮತ್ತೆ ಒಂದಾಗಿ ಕೂತದ್ದು ಕೆಡುವುದು ಅವರಿಗೆ ಬೇಡವಾಗಿತ್ತು. ಲೈಬಾ ಒಪ್ಪಲಿಲ್ಲ.

"ನಾಳೆ ಸಿಕ್ಕಿಬಿದ್ರೆ ಪೊಲೀಸ್ ಬರೋದು ಯಾರ ಹೆಸರಲ್ಲಿ, ಅಮ್ಮಿ? ಹೊಸ ಅಂಗಡಿ ಬೋರ್ಡ್ ಹಾಕೋ ಮೊದ್ಲೇ ಕೇಸು ಹಾಕಿಸ್ಕೊಳ್ಳೋಣ್ವಾ?"

"ನಿನಗೆ ಯಾವಾಗ್ಲೂ ಇಷ್ಟೇ," ಎಂದ ವಕಾರ್. "ಅಂಗಡಿ ಬೇಕು ಅಂದೋಳೂ ನೀನೇ."

ಮಾತಿಗೆ ಮಾತು ಬೆಳೆಯಿತು. ಮಹೀನ್ ಮಗನ ಕಡೆ ತಿರುಗಿದಳು.

"ನಿಮ್ಮಪ್ಪ ಅದನ್ನ ಈ ಕಾರಿಂದೇ ಅಂತ ನಂಬ್ಕೊಂಡು ಹೋದ್ರು. ಅದು ಸುಳ್ಳು ಅಂತ ಇವತ್ತು ಗೊತ್ತಾಯ್ತು. ಅಷ್ಟು ಸಾಕು ನನಗೆ. ಅದರ ಮೇಲೆ ಇನ್ನೊಂದು ಸುಳ್ಳು ಹೊಡೆಸ್ಬೇಡ."

ಫಹೀಮ್ ಅನ್ನ ಕಲಸುತ್ತಲೇ ಇದ್ದ. ಅಹ್ಮದ್ ಪಾಷಾ ಕೈ ತೊಳೆದುಕೊಂಡು ಬಂದು, ಫೋನು ತೆಗೆದು, ಎಲ್ಲರ ಎದುರೇ ಮಧುಕರರಿಗೆ ಹಚ್ಚಿದರು. ಎಂಜಿನ್ ಸಿಕ್ಕಿದೆ, ನಂಬರ್ ಬೇರೆ ಇದೆ, ಬೇಕಾದರೆ ಬಂದು ನೋಡಿ ಎಂದರು. ಕೂರಿಸಿ ಸ್ಟಾರ್ಟ್ ಮಾಡಿ, ಆಮೇಲೆ ಬರುತ್ತೇನೆ ಎಂದು ಉತ್ತರ ಬಂತು. ವಕಾರ್ ಅರ್ಧ ಊಟ ಬಿಟ್ಟು ಎದ್ದು ಹೋದ.

ಕೂರಿಸುವುದಕ್ಕೆ ಇನ್ನೆರಡು ವಾರ ಹಿಡಿಯಿತು. ಕಾರ್ಬ್ಯುರೇಟರ್ ಬಿಚ್ಚಿ ಶುಚಿ ಮಾಡಬೇಕಾಯಿತು, ರಬ್ಬರ್ ಪೈಪುಗಳೆಲ್ಲ ಹೊಸದಾಗಬೇಕಾಯಿತು. ವಕಾರ್ ಶೆಡ್ಡಿನ ಕಡೆ ಬರಲಿಲ್ಲ, ಆದರೆ ಬೇಕಾದ ಸಾಮಾನನ್ನು ತನ್ನ ಅಂಗಡಿಯಿಂದ ಕಳಿಸುತ್ತಿದ್ದ. ಚೈನ್ ಪುಲ್ಲಿಯಲ್ಲಿ ಎಂಜಿನ್ ಇಳಿಸುವ ದಿನ ಮಾತ್ರ, ಅಪ್ಪ ಒಬ್ಬರೇ ಭಾರ ಎಳೆಯುತ್ತಾರೆಂದು ಲೈಬಾ ಹೇಳಿದ ಮೇಲೆ, ಬಂದು ಸರಪಳಿ ಹಿಡಿದ.

ಮಧುಕರ್ ಬಂದ ಬೆಳಿಗ್ಗೆ ಮೊದಲ ಎರಡು ಸಲ ಎಂಜಿನ್ ಕೆಮ್ಮಿ ನಿಂತಿತು. ಮೂರನೇ ಸಲ ಹತ್ತಿತು. ಇಡೀ ತಗಡಿನ ಶೆಡ್ಡು ನಡುಗಿತು. ಗಲ್ಲಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಲ್ಲಿ ಸೇರಿದರು. ಡೀಸೆಲ್ಲಿನ ಟಕಟಕ ಕೇಳಿದ ಕಿವಿಗೆ ಅದು ಬೇರೆಯದೇ ಸದ್ದು, ಎದೆಯೊಳಗೆ ಬಡಿಯುವಂಥದ್ದು. ಫಹೀಮ್ ಸ್ಟಿಯರಿಂಗಿನ ಮುಂದೆ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ, ಅವನ ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಎಂದು ಆಮೇಲೆ ಹೇಳಿದ.

ಮಧುಕರ್ ಸಣ್ಣ ಕನ್ನಡಿ ಹಿಡಿದು ಹಿಂದಿನ ಅಂಕಿಗಳನ್ನು ತಾವೇ ನೋಡಿದರು.

"ಮಾದರಿ ಇದೇ, ಕಾಲವೂ ಇದೇ. ಆದ್ರೆ ಈ ಕಾರಿನ ಜೊತೆ ಹುಟ್ಟಿದ್ದಲ್ಲ. ಇಪ್ಪತ್ತೆಂಟು ಕೊಡ್ತೀನಿ, ಪಾಷಾ ಸಾಹೇಬ್ರೇ. ನೀವು ಮುಚ್ಚಿಟ್ಟಿದ್ರೆ ನನ್ನ ಕಡೆಯೋರು ಹೇಗೂ ಕಂಡುಹಿಡಿತಿದ್ರು, ಆಗ ಹದಿನೈದಕ್ಕೂ ತಗೋತಿರ್ಲಿಲ್ಲ."

ವ್ಯವಹಾರ ಕುದುರಿತು. ಆ ಸಂಜೆಯೇ ವಕಾರ್ ಕೊನೆಯ ಜಗಳ ತೆಗೆದ. ಎಂಜಿನ್ ಬಂದದ್ದರಿಂದ ಹೆಚ್ಚಾದದ್ದು ಹದಿಮೂರು ಲಕ್ಷ. ಅದರಲ್ಲಿ ಅರ್ಧ ಚಾಚಿಗೆ ಕೊಡೋಣ. ಇಡೀ ಕಾರಿನ ಅರ್ಧ ಎಂದದ್ದು ಅದು ಒರಿಜಿನಲ್ ಎಂದು ನಂಬಿ. ಅದೇ ಸುಳ್ಳಾದ ಮೇಲೆ ಆ ಮಾತೂ ಇಲ್ಲ.

ಅವನು ಹೇಳಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಲೈಬಾ ಕೂಡ ತಪ್ಪು ಎನ್ನಲಿಲ್ಲ. ಎಲ್ಲರೂ ಮಹೀನಳನ್ನು ನೋಡಿದರು. ಅವಳು ಬೇಡ ಎನ್ನಬಹುದು, ಅಷ್ಟೇ ಸಾಕು ಎನ್ನಬಹುದು ಎಂದು ಫಹ್ಮಿದಾ ಆಸೆಪಟ್ಟಿದ್ದರು.

"ನಾನು ಕೇಳಿದ್ದು ಎಂಜಿನ್ ಬೆಲೆ ಅಲ್ಲ, ವಕಾರ್," ಎಂದಳು ಮಹೀನ್. "ಪಾಲು. ಕಾರು ನಿಮ್ಮಜ್ಜಂದು. ಅವರಿಗೆ ಇಬ್ರು ಮಕ್ಕಳು."

ಅಹ್ಮದ್ ಪಾಷಾ ತಮ್ಮ ಕೈಬೆರಳುಗಳನ್ನು ನೋಡಿಕೊಂಡರು. ಕಪ್ಪು ಎಣ್ಣೆ ಉಗುರ ಸಂದಿಯಲ್ಲಿ ಇನ್ನೂ ಹೋಗಿರಲಿಲ್ಲ.

"ಆವತ್ತು ಅವನಿಗೆ ಕಬ್ಬಿಣ ಕೊಟ್ಟು ಕಳಿಸ್ದೆ," ಎಂದರು. "ಇವತ್ತು ಕಬ್ಬಿಣದ ಬೆಲೆ ಕೊಟ್ಟು ಕಳಿಸಲ್ಲ. ಹದಿನಾಲ್ಕು ಅವಳದು."

ವಕಾರ್ ತಂದೆಯ ಜೊತೆ ಮಾತು ಬಿಟ್ಟ. ಕಾರು ಹೋದ ದಿನವೂ ಮಾತಾಡಲಿಲ್ಲ. ಕೈಗೆ ಬಂದ ಹದಿನಾಲ್ಕರಲ್ಲಿ ಮುನಿರಾಜಪ್ಪನವರ ಅಡ್ವಾನ್ಸ್ ಕೊಟ್ಟರೆ ಅಂಗಡಿಗೆ ಸಾಮಾನು ತುಂಬಲು ಸಾಲುತ್ತಿರಲಿಲ್ಲ. ಬ್ಯಾಂಕಿಗೆ ಹೋಗಿ ಬಂದ, ಸ್ನೇಹಿತರನ್ನು ಕೇಳಿ ಬಂದ. ರಾತ್ರಿ ಹೊರಳಾಡುತ್ತಿದ್ದ. ಒಂದು ಸಂಜೆ ಲೈಬಾ ಕೆಲಸ ಮುಗಿಸಿ ನೇರವಾಗಿ ರಾಮಮೂರ್ತಿ ನಗರಕ್ಕೆ ಹೋದಳು. ಹೋಗುತ್ತಿರುವುದನ್ನು ಅತ್ತೆಗೆ ಮಾತ್ರ ಹೇಳಿದ್ದಳು. ಫಹ್ಮಿದಾ ಯಾರು ಕೇಳಿದರೂ ಮಾರ್ಕೆಟ್ಟಿಗೆ ಹೋಗಿದ್ದಾಳೆ ಎಂದರು.

ಲೈಬಾ ಸುತ್ತುಬಳಸಲಿಲ್ಲ. ಎರಡೂ ಪಾಲಿನ ದುಡ್ಡು ಸೇರಿಸಿ ಒಟ್ಟಿಗೆ ಅಂಗಡಿ ಹಾಕೋಣ, ಮಳಿಗೆ ದೊಡ್ಡದು, ಹಿಂದೆ ಗಾಡಿ ರಿಪೇರಿಗೆ ಜಾಗವಿದೆ, ಮುಂದೆ ಬಿಡಿಭಾಗ ಮಾರಬಹುದು, ಫಹೀಮ್ ಬೇರೆಯವರ ಹತ್ತಿರ ಎಷ್ಟು ದಿನ ದುಡಿಯುತ್ತಾನೆ ಎಂದಳು. ಮಹೀನ್ ಕ್ಯಾರಿಯರ್ ತೊಳೆಯುತ್ತಲೇ ಕೇಳಿಸಿಕೊಂಡಳು. ವಕಾರನ ಜೊತೆ ದಿನವೂ ಹೊಡೆದಾಟವಾಗುತ್ತದೆ ಎಂದ ಫಹೀಮ್.

"ಆಗತ್ತೆ," ಎಂದಳು ಲೈಬಾ. "ನಾನು ದಿನಾ ಜಗಳ ಆಡ್ತಿಲ್ವಾ?"

ಮಹೀನ್ ಮೂರು ದಿನ ಯೋಚಿಸಿ ಒಪ್ಪಿದಳು. ಒಂದು ಮಾತು ಮಾತ್ರ ಹೇಳಿ ಕಳಿಸಿದಳು: ಎಲ್ಲವೂ ಕರಾರು ಪತ್ರದಲ್ಲಿ ಆಗಬೇಕು, ಅರ್ಧ ತನ್ನ ಹೆಸರಲ್ಲಿ. ಬೇರೆ ದಾರಿ ಕಾಣದೆ ವಕಾರನೂ ಒಪ್ಪಿದ.

ಗರುಡಾಚಾರ್‌ಪಾಳ್ಯದ ಮುನಿರಾಜಪ್ಪನವರ ಮನೆಯ ಜಗಲಿಯಲ್ಲಿ ಎರಡೂ ಮನೆಯವರು ಸೇರಿದರು. ವಕೀಲರ ಕಡೆಯವನು ಪತ್ರ ಓದಿದ. ಮಹೀನ್ ಒಂದೊಂದು ಸಾಲನ್ನೂ ಎರಡು ಸಲ ಓದಿಸಿ, ಫಹೀಮನಿಂದ ಅರ್ಥ ಕೇಳಿ, ಆಮೇಲೆ ಮುಂದಕ್ಕೆ ಹೋಗಗೊಟ್ಟಳು. ಒಳಗಿನಿಂದ ಕಾಫಿ ಬಂತು; ಮುನಿರಾಜಪ್ಪ ಗಡಿಯಾರ ನೋಡಿಕೊಂಡರು. ವಕಾರನಿಗೆ ತಡೆಯಲಾಗಲಿಲ್ಲ.

"ಚಾಚಿ, ಮನೆಯೋರ ನಡುವೆ ಇಷ್ಟೆಲ್ಲ ಬರೆಸ್ಬೇಕಾ? ನಮ್ಮ ಮೇಲೆ ನಂಬಿಕೆ ಇಲ್ವಾ?"

"ಇದೆಯಪ್ಪ. ಇಲ್ದಿದ್ರೆ ದುಡ್ಡೇ ಹಾಕ್ತಿರ್ಲಿಲ್ಲ," ಎಂದಳು ಮಹೀನ್. "ನಂಬಿಕೆ ನನಗೂ ನಿನಗೂ. ಕಾಗದ ನಮ್ಮ ನಂತರ ಬರೋರಿಗೆ."

ವಕಾರ್ ತಂದೆಯ ಕಡೆ ನೋಡಿದ. ಅಹ್ಮದ್ ಪಾಷಾ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡು ಸಾಕ್ಷಿಯ ಜಾಗದಲ್ಲಿ ಮೊದಲು ತಾವೇ ಸಹಿ ಹಾಕಿದರು. ಆಮೇಲೆ ಪೆನ್ನನ್ನು ಮಗನ ಮುಂದೆ ಇಟ್ಟು, "ಹಾಕು. ಕಾಫಿ ಆರ್ತಿದೆ," ಎಂದರು.

ಹಲವು ದಿನಗಳ ಮೇಲೆ ಅಪ್ಪ ಮಗನ ನಡುವೆ ನಡೆದ ಮೊದಲ ಮಾತು ಅದು. ವಕಾರ್ ಸಹಿ ಹಾಕಿದ.